ಮೋಟಾರಿಗೊಂದು ಎಣ್ಣೆಸ್ನಾನ

ನನಗೆ ರಿಪೇರಿ ಕೆಲಸ ಚೆನ್ನಾಗಿ ಬರುತ್ತೆ. ಜಂಬಕ್ಕೆ ಹೇಳುತ್ತಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ಒಲೆಯ ಬರ್ನರು, ಸೋರುವ ನಲ್ಲಿ, ನಮ್ಮನೆಯವರ ಕನ್ನಡಕದ ಕಾಲು, ಎಲ್ಲವೂ ನನ್ನ ಕೈಯಲ್ಲಿ ಮರುಜನ್ಮ ಪಡೆದಿವೆ. ಸಹಕಾರನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ ಮೊದಲು ನನ್ನನ್ನು ಕೂಗುತ್ತಾರೆ, ಅಂಗಡಿಗೆ ಹೋಗುವುದು ಆಮೇಲೆ. ಹೀಗಿರುವಾಗ, ತುಕ್ಕು ಹಿಡಿದು ಬಿಗಿದುಕೊಂಡ ಒಂದು ದೋಣಿ ಮೋಟಾರನ್ನು ಬಿಚ್ಚಿ, ತೊಳೆದು, ಜೋಡಿಸಿ, ಓಡಿಸಿಬಿಡುತ್ತೇನೆ ಎಂದು ನನಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ಮಿಕ್ಸಿಯೂ ತಿರುಗುತ್ತೆ, ಮೋಟಾರೂ ತಿರುಗುತ್ತೆ. ಒಂದು ಚಟ್ನಿಯಲ್ಲಿ, ಇನ್ನೊಂದು ಕೆರೆಯಲ್ಲಿ. ಅಷ್ಟೇ!

ಸಹಕಾರನಗರದಲ್ಲಿ ದೋಣಿ ಮೋಟಾರು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಅದು ನಮ್ಮ ಗೋಪಾಲಣ್ಣನದು. ನನ್ನ ತವರು ಇಲ್ಲೇ ಪಕ್ಕದ ಕೊಡಿಗೇಹಳ್ಳಿ. ಅಣ್ಣ ವಯಸ್ಸಿನಲ್ಲಿದ್ದಾಗ ಹೆಬ್ಬಾಳದ ಕಡೆಯ ಕೆರೆಯಲ್ಲಿ ದೋಣಿ ಓಡಿಸುತ್ತಿದ್ದ. ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಬಂದವರನ್ನು ಒಂದು ಸುತ್ತು ಹಾಕಿಸಿ ಇಳಿಸುವ ಕೆಲಸ. ದೋಣಿಯ ಹಿಂಭಾಗಕ್ಕೆ ಕಚ್ಚಿಸುವ ಮೋಟಾರು ಅದು. ಮೇಲೆ ದಪ್ಪ ತಲೆ, ಕೆಳಗೆ ಉದ್ದ ಕಾಲು, ಕಾಲಿನ ತುದಿಯಲ್ಲಿ ಫ್ಯಾನಿನ ಹಾಗೆ ರೆಕ್ಕೆ. ದೋಣಿ ವ್ಯವಹಾರ ನಿಂತು, ದೋಣಿಯೂ ಕೊಳೆತು ಹೋದ ಮೇಲೆ ಅಣ್ಣ ಮೋಟಾರನ್ನು ಮಾತ್ರ ಗೋಣಿಚೀಲ ಸುತ್ತಿ ಇಟ್ಟುಕೊಂಡಿದ್ದ.

ಆ ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅಣ್ಣನ ಗಂಟಲು ಬೇರೆಯದೇ ಅಳತೆಗೆ ಕೂತಿತ್ತು. ಅವನು ಗುಟ್ಟು ಹೇಳಿದರೆ ಬಳ್ಳಾರಿ ರಸ್ತೆಗೆ ಕೇಳಿಸುತ್ತಿತ್ತು. ನನ್ನ ಮದುವೆಯಲ್ಲಿ ಅವನೊಬ್ಬ ಇದ್ದಿದ್ದಕ್ಕೆ ಮೈಕ್ ಬೇಕಾಗಿರಲಿಲ್ಲ.

ಹೋದ ವರ್ಷ ಅತ್ತಿಗೆ ತೀರಿಕೊಂಡರು. ನಾನೂ ನಮ್ಮನೆಯವರೂ ಹೋಗಿ ಅಣ್ಣನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆವು. ಅವನ ಎರಡು ಬ್ಯಾಗು, ಒಂದು ಹಾಸಿಗೆ, ಜೊತೆಗೆ ಈ ಮೋಟಾರು, ಎಲ್ಲ ಒಂದೇ ಲಗೇಜು ಆಟೋದಲ್ಲಿ ಬಂದವು. ಬರದೇ ಉಳಿದದ್ದು ಅವನ ದನಿ.

"ಅಣ್ಣಾ, ಮುದ್ದೆ ಮಾಡ್ಲಾ, ಚಪಾತೀನಾ?"

"ಹೂಂ."

"ಹೂಂ ಅಂದ್ರೆ ಯಾವುದು?"

"ಹೂಂ."

ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂರುತ್ತಿದ್ದ. ಬಿಸಿಲು ಸರಿದರೆ ಕುರ್ಚಿಯನ್ನು ನಾನೇ ಸರಿಸಬೇಕು. ಸಂಜೆ ಟೀವಿ ಹಾಕಿದರೆ ಸೌಂಡು ಇಲ್ಲದೆಯೇ ನೋಡುತ್ತಿದ್ದ.

ಅಂಥ ಅಣ್ಣ ಒಂದು ಬೆಳಿಗ್ಗೆ ಬಾಯಿ ಬಿಟ್ಟ. ರಸ್ತೆಯಲ್ಲಿ ಗುಜರಿಯವನು ಕೂಗಿಕೊಂಡು ಹೋಗುತ್ತಿದ್ದ.

"ಪದ್ದಿ, ಆ ಮೋಟ್ರುನ ಗುಜರಿಗೆ ಆಕ್ಬುಡವ್ವ."

ಎಷ್ಟೋ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ವಾಕ್ಯ ಅದು. ತವರಿನಲ್ಲಿ ಆ ಮೋಟಾರನ್ನು ಯಾರಾದರೂ ಕಾಲಲ್ಲಿ ತಾಕಿಸಿದರೂ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ ಮನುಷ್ಯ. ಅದೇ ಬೇಡ ಅಂದ ಮೇಲೆ ಅವನಿಗೆ ಇನ್ನು ಯಾವುದು ಬೇಕು?

ಸಂಜೆ "ಹಾಕ್ದೆ ಅಣ್ಣ" ಎಂದು ಒಂದು ಸುಳ್ಳು ಹೇಳಿದೆ. "ಹೂಂ" ಅಂದ.

ಅಂದೇ ನಾನು ಪ್ರತಿಜ್ಞೆ ಮಾಡಿದೆ. ಈ ಮೋಟಾರು ಓಡಬೇಕು, ಅಣ್ಣನ ಮುಂದೆ ಗುಡುಗಬೇಕು, ಅವನು ಎದ್ದು ನಿಂತು ಬಾಯಿ ಬಿಡಬೇಕು. ಅಲ್ಲಿಯವರೆಗೆ ವಿಷಯ ಗುಟ್ಟು.

ಗುಟ್ಟಿನ ಜಾಗ ಮಹಡಿಯ ಮೇಲಿನ ತಾರಸಿ. ಅಣ್ಣನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ. ಅವನು ಮಧ್ಯಾಹ್ನ ಮಲಗಿದ್ದಾಗ ನಾನೂ ನಮ್ಮನೆಯವರೂ ಮೋಟಾರನ್ನು ಹಳೇ ಜಮಖಾನೆಯಲ್ಲಿ ಸುತ್ತಿ, ತಲೆಯ ಕಡೆ ಅವರು, ಕಾಲಿನ ಕಡೆ ನಾನು ಹಿಡಿದು ಮೆಟ್ಟಿಲು ಹತ್ತಿದೆವು. ಪಕ್ಕದ ಮನೆಯ ಮೀನಾಕ್ಷಿ ತಮ್ಮ ತಾರಸಿಯಿಂದ ಇದನ್ನು ನೋಡಿದರು. ಜಮಖಾನೆಯಲ್ಲಿ ಸುತ್ತಿದ ಏನೋ ಒಂದನ್ನು ಗಂಡ ಹೆಂಡತಿ ಏದುಸಿರು ಬಿಡುತ್ತಾ ಹೊತ್ತೊಯ್ಯುವುದನ್ನು ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತೆ.

"ಪದ್ಮಾ ಅವರೇ, ಎಲ್ಲಾ ಕ್ಷೇಮ ತಾನೇ?"

"ಕ್ಷೇಮ ಕಣ್ರೀ! ದೋಣಿ ಮೋಟಾರು!"

ಮೀನಾಕ್ಷಿ ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದಾಯಿತು.

ಇಂಥ ಮೋಟಾರನ್ನು ಹಗ್ಗ ಎಳೆದು ಶುರು ಮಾಡಬೇಕು. ನಾನು ಎಳೆದೆ. ಹಗ್ಗ ಬರಲಿಲ್ಲ. ನಮ್ಮನೆಯವರು ಎಳೆದರು. ಹಗ್ಗ ಬರಲಿಲ್ಲ, ಅವರ ಭುಜ ಬಂತು! ಭುಜಕ್ಕೆ ಮುಲಾಮು ಹಚ್ಚಿ ಮಲಗಿಸಿ, ನಾನು ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಒಬ್ಬ ಪುಣ್ಯಾತ್ಮ ಹಿಂದಿಯಲ್ಲಿ ಹೇಳುತ್ತಿದ್ದ. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಬೇಕಂತೆ. ಉದ್ದು ನೆನೆಹಾಕಿದ ಹಾಗೆ! ಇದು ನನಗೆ ಗೊತ್ತಿರುವ ವಿದ್ಯೆ.

ಆದರೆ ಯಾವ ಎಣ್ಣೆ? ಅದನ್ನವನು ಹೇಳಲಿಲ್ಲ, ಡಬ್ಬಿಯನ್ನೂ ತೋರಿಸಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಗಂಭೀರವಾಗಿ ಯೋಚಿಸಿದೆ. ಕಡಲೆಕಾಯಿ ಎಣ್ಣೆ ಕರಿಯೋದಕ್ಕೆ. ಎಳ್ಳೆಣ್ಣೆ ದೇವರ ದೀಪಕ್ಕೆ. ಬಿಗಿದ ಕೀಲು ಸಡಿಲವಾಗಬೇಕು, ತಲೆ ತಂಪಾಗಬೇಕು ಅಂದರೆ ಕೊಬ್ಬರಿ ಎಣ್ಣೆಯೇ ಸರಿ. ಅದೂ ಗಾಣದ್ದು, ಕಲಬೆರಕೆ ಇಲ್ಲದ್ದು! ಮೋಟಾರೆಂದು ತಾತ್ಸಾರ ಮಾಡದೆ ಧಾರಾಳವಾಗಿ ಸುರಿದೆ. ಮಿಕ್ಕಿದ್ದನ್ನು ಮೈಗೂ ಸವರಿದೆ. ಹಳೇ ಕಂಬಳಿ ಹೊದಿಸಿ ಕೆಳಗಿಳಿದೆ.

ಅದು ಡಿಸೆಂಬರು ತಿಂಗಳು.

ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣ ಅಂತ ಬಚ್ಚಲುಮನೆಯಲ್ಲಿ ಎಣ್ಣೆ ಬಾಟಲಿ ಬಗ್ಗಿಸಿದೆ. ಒಂದು ತೊಟ್ಟೂ ಬೀಳಲಿಲ್ಲ. ಬಾಟಲಿಯೊಳಗೆ ಎಣ್ಣೆ ಬೆಳ್ಳಗೆ, ಗಟ್ಟಿಯಾಗಿ, ಕಲ್ಲಿನ ಹಾಗೆ ಕೂತಿತ್ತು. ಬೆಂಗಳೂರಿನ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಬಚ್ಚಲುಮನೆಯಲ್ಲಿ ಗೊತ್ತಿದ್ದದ್ದು ತಾರಸಿಯ ಮೇಲೆ ನೆನಪಾಗಿರಲಿಲ್ಲ!

ಓಡಿದೆ. ಕಂಬಳಿ ತೆಗೆದೆ. ಪ್ಲಗ್ಗಿನ ತೂತಿನಲ್ಲಿ ಬೆಣ್ಣೆ ಮುದ್ದೆ ಮೆತ್ತಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಇಷ್ಟು ದಿನ ಬರೀ ಬಿಗಿದುಕೊಂಡಿತ್ತು ಕಣೇ ಪದ್ದು. ಈಗ ನೀನು ಸೀಲು ಬೇರೆ ಹಾಕಿದ್ದೀಯ."

"ಬಿಸಿಲು ಬಂದ್ರೆ ಕರಗುತ್ತೆ ಬಿಡ್ರಿ!"

ಬಿಸಿಲು ಬರಲಿಲ್ಲ. ಮೋಡ ಕವಿದು ಜಿನುಗು ಮಳೆ ಹಿಡಿಯಿತು. ಮೋಟಾರನ್ನು ತಾರಸಿಯ ಶೀಟಿನ ಕೆಳಗೆ ಎಳೆದುಕೊಂಡು, ನಾನು ಉಪಚಾರ ಶುರು ಮಾಡಿದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ಕಾವು. ಮಧ್ಯಾಹ್ನ ಬಿಸಿನೀರಿನ ಚೀಲ. ಸಂಜೆ ಕಂಬಳಿ, ಅದರ ಮೇಲೆ ಇನ್ನೊಂದು ಕಂಬಳಿ.

"ನನ್ನ ಭುಜಕ್ಕೆ ಇಷ್ಟು ಮಾಡ್ಲಿಲ್ಲ ನೀನು," ಅಂದರು ನಮ್ಮನೆಯವರು. "ಬಾಣಂತಿಗೂ ಇಂಥ ಆರೈಕೆ ಇರಲ್ಲ. ತಲೆಗೊಂದು ಸ್ಕಾರ್ಫು ಕಟ್ಟಿ, ಸಾಂಬ್ರಾಣಿ ಹಾಕಿಬಿಡು."

ನಗಲಿ ಬಿಡಿ. ಎಣ್ಣೆ ಕರಗಿತು. ದಿನವೂ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಬಂದೆ. ಒಂದು ಮಧ್ಯಾಹ್ನ ಮೋಟಾರಿನ ಮೇಲಿನ ಚಕ್ರ "ಕಟಕ್" ಅಂತ ಸದ್ದು ಮಾಡಿ ಕಿರುಬೆರಳಿನಷ್ಟು ಜರುಗಿತು! ಇನ್ನೊಮ್ಮೆ ತಿರುಗಿಸಿದೆ. ಪೂರ್ತಿ ಒಂದು ಸುತ್ತು! ನಾವಿಬ್ಬರೂ ಕೈ ಕೈ ಹಿಡಿದು ಕುಣಿದೆವು. ಕೆಳಗೆ ಅಣ್ಣನಿಗೆ ಕೇಳಿಸಬಾರದೆಂದು ಬರಿಗಾಲಲ್ಲಿ, ಸದ್ದಿಲ್ಲದೆ ಕುಣಿದೆವು. ಪಕ್ಕದ ತಾರಸಿಯಲ್ಲಿ ಮೀನಾಕ್ಷಿ ಒಣಗಿದ ಬಟ್ಟೆ ತೆಗೆಯದೆಯೇ ಒಳಗೆ ಹೋದರು.

ಆಮೇಲೆ ಪೆಟ್ರೋಲು ಹೋಗುವ ಭಾಗಗಳನ್ನೆಲ್ಲ ಬಿಚ್ಚಿದೆ. ಸ್ಕ್ರೂ, ವಾಷರು, ಸ್ಪ್ರಿಂಗು ಕಳೆದುಹೋಗಬಾರದಲ್ಲ, ಅದಕ್ಕೆ ಇಡ್ಲಿ ತಟ್ಟೆ ತಂದೆ. ಒಂದೊಂದು ಕುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ. ಕೆಳಗಿನ ತಟ್ಟೆಯಲ್ಲಿ ಮೊದಲು ಬಿಚ್ಚಿದ್ದು, ಮೇಲಿನ ತಟ್ಟೆಯಲ್ಲಿ ಕೊನೆಗೆ ಬಿಚ್ಚಿದ್ದು. ಇಂಥ ಅಚ್ಚುಕಟ್ಟು ಯಾವ ಗ್ಯಾರೇಜಿನಲ್ಲಿ ಸಿಗುತ್ತೆ ಹೇಳಿ! ಹಿತ್ತಾಳೆಯ ಸಣ್ಣ ಭಾಗಗಳನ್ನು ಮಾತ್ರ ಕೆಳಗೆ ತಂದು, ದೇವರ ದೀಪಕ್ಕೆ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದೆ.

ವಾಪಸ್ಸು ತಾರಸಿಗೆ ಬಂದಾಗ ನಮ್ಮನೆಯವರು ನಲ್ಲಿಯ ಹತ್ತಿರ ಕೂತು ನಗುನಗುತ್ತಾ ಕೈ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಇಡ್ಲಿ ತಟ್ಟೆಗಳು ಸ್ವಚ್ಛವಾಗಿ ಬೋರಲು ಬಿದ್ದಿದ್ದವು.

"ರೀ... ಏನ್ ಮಾಡಿದ್ರಿ?"

"ನೀನು ಸುಸ್ತಾಗಿದ್ದೀಯ ಅಂತ ಪಾತ್ರೆ ತೊಳೆದಿಟ್ಟೆ ಕಣೇ. ಅದರಲ್ಲಿದ್ದಿದ್ದನ್ನೆಲ್ಲ ಈ ಮಗ್ಗಿಗೆ ಹಾಕಿದ್ದೀನಿ. ಒಂದೂ ಕಳೆದಿಲ್ಲ!"

ಮದುವೆಯಾದಾಗಿನಿಂದ ನಾನು ಅವರನ್ನು ಪಾತ್ರೆ ತೊಳೆಯಿರಿ ಅಂತ ಕೇಳಿಕೊಂಡಿದ್ದೇನೆ. ಅವರು ಮುಹೂರ್ತ ಆರಿಸಿಕೊಂಡದ್ದು ಆವತ್ತು! ಬೈಯೋಣವೆಂದರೆ ಮುಖದಲ್ಲಿ ಅಷ್ಟು ಸಂತೋಷ. ಬೈಯಲಿಲ್ಲ. ಮಗ್ಗಿನಿಂದ ಒಂದೊಂದೇ ತೆಗೆದು, ಯಾವುದು ಯಾವ ತೂತಿಗೆ ಕೂರುತ್ತೋ ಅಲ್ಲಿಗೆ ಕೂರಿಸುತ್ತಾ ಹೋದೆ. ಎಲ್ಲ ಮುಗಿದ ಮೇಲೆ ಮಗ್ಗಿನ ತಳದಲ್ಲಿ ಒಂದು ಸ್ಪ್ರಿಂಗು ಉಳಿದಿತ್ತು. ಮೋಟಾರಿನ ಪಕ್ಕ ಒಂದು ವೈರಿನ ತುದಿ ಕೂಡ ನೇತಾಡುತ್ತಿತ್ತು.

"ಕಂಪನಿಯವರು ಒಂದೊಂದು ಹೆಚ್ಚಿಗೆ ಕೊಟ್ಟಿರ್ತಾರೆ," ಅಂದರು ನಮ್ಮನೆಯವರು. ಅಂಗಿಗೆ ಗುಂಡಿ ಹೆಚ್ಚಿಗೆ ಕೊಡುವುದಿಲ್ಲವೇ? ನನಗೂ ಸರಿಯೆನಿಸಿತು.

ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಮಾತ್ರ ಈ ಸಲ ಅಂಗಡಿಯಿಂದಲೇ ತಂದೆ. ಬುದ್ಧಿ ಬಂದಿತ್ತು.

"ಯಾವ ಗಾಡಿಗೆ ಮೇಡಂ?" ಅಂದ ಅಂಗಡಿಯವನು.

"ದೋಣಿಗೆ."

ಅವನು ನಗಲೂ ಇಲ್ಲ. "ಅಂಡರ್‌ಪಾಸಿಗಾ? ಮಳೆಗಾಲಕ್ಕೆ ಮುಂಚೆನೇ ರೆಡಿ ಮಾಡ್ಕೊಳ್ಳೋದು ಒಳ್ಳೇದು ಮೇಡಂ," ಅಂತ ಡಬ್ಬಿ ಕೊಟ್ಟ.

ಪೆಟ್ರೋಲನ್ನು ನಮ್ಮನೆಯವರು ಸ್ಕೂಟರಿನಿಂದ ಪೈಪು ಹಾಕಿ ಬಾಯಲ್ಲಿ ಎಳೆದರು. ಸ್ವಲ್ಪ ಹೆಚ್ಚಾಗಿಯೇ ಎಳೆದರು. ಆ ಸಂಜೆ ದೇವರಮನೆಯ ದೀಪದ ಹತ್ತಿರ ಸುಳಿಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ನೀರಿಲ್ಲದೆ ಈ ಮೋಟಾರು ಓಡಿಸಬಾರದು, ಬಿಸಿಯಾಗಿ ಹಾಳಾಗುತ್ತೆ. ಅದಕ್ಕೆ ತಾರಸಿಯ ನೀಲಿ ಡ್ರಮ್ಮಿನ ತುಂಬ ನೀರು ತುಂಬಿಸಿ, ಡ್ರಮ್ಮಿನ ಅಂಚಿಗೆ ಮೋಟಾರನ್ನು ಕಚ್ಚಿಸಿದೆವು. ರೆಕ್ಕೆ ನೀರೊಳಗೆ ಮುಳುಗಿತು. ಡ್ರಮ್ಮು ಅಲ್ಲಾಡದ ಹಾಗೆ ನಮ್ಮನೆಯವರು ಅದನ್ನು ತಬ್ಬಿಕೊಂಡು ನಿಂತರು. ಕೆಳಗೆ ಅಂಗಳದಲ್ಲಿ ಅಣ್ಣ ಬಿಸಿಲಿಗೆ ಕೂತಿದ್ದ. ಮೊದಲು ಒಂದು ಸಲ ಓಡಿಸಿ ನೋಡಿ, ನಿಲ್ಲಿಸಿ, ಆಮೇಲೆ ಅವನನ್ನು ನಿಧಾನವಾಗಿ ಮೇಲೆ ಕರೆತರುವುದು ನನ್ನ ಯೋಜನೆ. ಪಕ್ಕದ ತಾರಸಿಯಲ್ಲಿ ಮೀನಾಕ್ಷಿ ದೊಡ್ಡ ಬೇಸಿನ್ನು ಮುಂದಿಟ್ಟುಕೊಂಡು, ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ಒಂದೊಂದೇ ಕಾಳಿನ ಸಿಪ್ಪೆ ಸುಲಿದು ಬೇಸಿನ್ನು ಅರ್ಧ ತುಂಬಿತ್ತು. ಆ ಕೆಲಸ ಮಾಡಿದವರಿಗೇ ಗೊತ್ತು ಅದರ ಕಷ್ಟ.

ಮೋಟಾರಿನ ಪಕ್ಕ ಒಂದು ಹಿಡಿ ಇತ್ತು. ಮುಂದಕ್ಕೆ ತಳ್ಳಬಹುದು, ಮಧ್ಯದಲ್ಲಿ ಬಿಡಬಹುದು. ಜೀವನದಲ್ಲಿ ಮುಂದಕ್ಕೆ ಹೋಗುವುದೇ ಒಳ್ಳೆಯದೆಂದು ಮುಂದಕ್ಕೆ ತಳ್ಳಿದೆ. ಮನೆದೇವರನ್ನು ನೆನೆದು ಹಗ್ಗ ಎಳೆದೆ. ಮೋಟಾರು ಕೆಮ್ಮಿತು. ಇನ್ನೊಮ್ಮೆ ಎಳೆದೆ. ಕೆಮ್ಮಿ, ಸೀನಿತು. ಮತ್ತೊಮ್ಮೆ ಎಳೆದೆ.

ಓಡಿತು!

ಬರೀ ಓಡಲಿಲ್ಲ. ಒಂದೇ ಏಟಿಗೆ ಪೂರ್ತಿ ವೇಗಕ್ಕೆ ಹೋಗಿ ಅರಚತೊಡಗಿತು. ವೇಗ ಇಳಿಸುವ ಹಿಡಿ ತಿರುಗಿಸಿದೆ. ಇಳಿಯಲಿಲ್ಲ. ವೇಗವನ್ನು ವಾಪಸ್ಸು ಎಳೆಯುವ ಸ್ಪ್ರಿಂಗು ಆ ಮಗ್ಗಿನ ತಳದಲ್ಲೇ ಇತ್ತು! ನಿಲ್ಲಿಸುವ ಗುಂಡಿ ಒತ್ತಿದೆ. ನಿಲ್ಲಲಿಲ್ಲ. ನೇತಾಡುತ್ತಿದ್ದ ವೈರು ಆ ಗುಂಡಿಯದು!

ಡ್ರಮ್ಮಿನ ನೀರು ಎದ್ದು ನಿಂತಿತು. ಮೊದಲ ಅಲೆ ನನಗೆ, ಎರಡನೆಯದು ನಮ್ಮನೆಯವರಿಗೆ, ಮಿಕ್ಕಿದ್ದೆಲ್ಲ ಗೋಡೆ ಹಾರಿ ಪಕ್ಕದ ತಾರಸಿಗೆ. ಎಣ್ಣೆ ಕೂಡಿದ ಕಪ್ಪುನೀರು ಮೀನಾಕ್ಷಿಯವರ ಅವರೆಬೇಳೆಯ ಮೇಲೆ ಧಾರಾಕಾರವಾಗಿ ಸುರಿಯಿತು. ಡ್ರಮ್ಮು ನಮ್ಮನೆಯವರನ್ನು ಅಪ್ಪಿಕೊಂಡೇ ತಾರಸಿಯ ಮೇಲೆ ನಡೆಯತೊಡಗಿತು.

"ಪದ್ದೂ, ಬಿಡ್ಲಾ?"

"ಬಿಟ್ರೆ ಕೆಳಗೆ ಬೀಳುತ್ತೆ ರೀ!"

"ಬಿಡದಿದ್ರೆ ನಾನು ಬೀಳ್ತೀನಿ ಕಣೇ!"

ನೀಲಿ ಹೊಗೆಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಆಗ ಎಲ್ಲಿಂದಲೋ ಒಂದು ದನಿ ಬಂತು. ಮೋಟಾರಿನ ಅರಚಾಟದ ಮೇಲೆ ಹಾದು, ನೆಟ್ಟಗೆ ಕಿವಿಗೆ ಬಿತ್ತು.

"ಚೋಕು ಎಳಿಯೇ, ಗೂಬೆ!"

ಮಂಡಿನೋವಿನ ಅಣ್ಣ ಅಷ್ಟು ಮೆಟ್ಟಿಲು ಹೇಗೆ ಹತ್ತಿದ ಅಂತ ಕೇಳಬೇಡಿ. ಅವನಿಗೂ ಗೊತ್ತಿಲ್ಲ. ಹೊಗೆ ಸೀಳಿಕೊಂಡು ಬಂದವನೇ, ಗಾಳಿ ಕಟ್ಟುವ ಆ ಚೋಕು ಯಾವುದೆಂದು ಹುಡುಕುತ್ತಿದ್ದ ನನ್ನನ್ನು ಪಕ್ಕಕ್ಕೆ ತಳ್ಳಿ, ಹೆಗಲ ಮೇಲಿನ ಟವೆಲ್ಲನ್ನು ಉಂಡೆ ಮಾಡಿ ಮೋಟಾರು ಗಾಳಿ ಎಳೆದುಕೊಳ್ಳುವ ಬಾಯಿಗೆ ಒತ್ತಿ ಹಿಡಿದ. ಮೋಟಾರು ಒಮ್ಮೆ ನಡುಗಿತು. ನಿಂತಿತು.

ಎಲ್ಲ ಕಡೆ ನಿಶ್ಶಬ್ದ. ಮೀನಾಕ್ಷಿಯವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು.

ಆಮೇಲೆ ಅಣ್ಣ ಶುರು ಮಾಡಿದ.

"ಯಾವನೇ ನಿಂಗೆ ಇದ್ನ ಬಿಚ್ಚಕ್ಕೆ ಏಳಿದ್ದು? ಗೇರಲ್ಲಿ ಆಕಿ ಸ್ಟಾರ್ಟ್ ಮಾಡ್ತಾರಾ? ಒಳಗ್ಡೆ ನೀರೆಳಿಯೋ ರಬ್ಬರ್ ಚಕ್ರ ಒಣಗಿ ಚೂರಾಗಿರ್ತೈತೆ, ಅದ್ನ ನೋಡಿದ್ಯಾ? ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಸುಟ್ಟು ಬೂದಿಯಾಗೋದು! ಏನಿದು ಜಿಡ್ಡು?" ಬೆರಳಿಗೆ ತಾಗಿದ್ದನ್ನು ಮೂಸಿದ. "ಕೊಬ್ರಿ ಎಣ್ಣೆನಾ?! ಮೋಟ್ರಿಗೇನು ಜಡೆ ಎಣಿತಿದ್ದೀಯಾ? ಅರಳೆಣ್ಣೆ ಆಕಿದ್ರೂ ಒಂದು ಮಾತು! ಭಾವಾ, ನೀವಾದ್ರೂ ಬುದ್ಧಿ ಏಳ್ಬಾರ್ದಾ? ಅದೇನು ಡ್ರಮ್ ತಬ್ಕಂಡು ನಿಂತಿದ್ದೀರಾ ಇನ್ನೂವೆ?"

ನಮ್ಮನೆಯವರು ಡ್ರಮ್ಮು ಬಿಟ್ಟರು. ಅಣ್ಣ ನಿಲ್ಲಿಸಲಿಲ್ಲ. ನನ್ನ ಬುದ್ಧಿ, ನನ್ನ ಬಾಲ್ಯ, ನಾನು ಮುರಿದ ಅವನ ಸೈಕಲ್ ಬೆಲ್ಲು, ಎಲ್ಲವನ್ನೂ ಎತ್ತಿ ಆಡಿದ. ಎದುರುಸಾಲಿನ ಮನೆಗಳ ಕಿಟಕಿಗಳು ತೆರೆದುಕೊಂಡವು. ನಾನು ನೆನೆದು ತೊಪ್ಪೆಯಾಗಿ, ಮುಖದ ತುಂಬ ಮಸಿ ಮಾಡಿಕೊಂಡು, ಕೈಕಟ್ಟಿ ನಿಂತು ಕೇಳುತ್ತಿದ್ದೆ. ಇನ್ನೂ ಸ್ವಲ್ಪ ಬೈಯಲಿ ಅನ್ನಿಸುತ್ತಿತ್ತು.

ಪಕ್ಕದ ತಾರಸಿಯಿಂದ ಮೀನಾಕ್ಷಿ ಅವರೆಬೇಳೆಯ ಬೇಸಿನ್ನನ್ನೂ ಮರೆತು ಗೋಡೆಯ ಹತ್ತಿರ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ.

"ಪದ್ಮಾ ಅವರೇ, ನಿಮ್ಮಣ್ಣನಿಗೆ ಮಾತು ಬರುತ್ತಾ? ನಾನು ಇಷ್ಟು ದಿನ ಪಾಪ ಅವರಿಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ!"

ಅಣ್ಣ ಅವರ ಕಡೆ ತಿರುಗಿ, ಅದೇ ಗಂಟಲಲ್ಲಿ, "ಬತ್ತದೆ ಕಣವ್ವ!" ಅಂದ. ಮೀನಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದರು.

ಕೊನೆಗೆ ಸುಸ್ತಾಗಿ ತಾರಸಿಯ ಕಟ್ಟೆಯ ಮೇಲೆ ಕೂತ. ಮೋಟಾರಿನ ಮೇಲೆ ಕೈಯಿಟ್ಟು, ಸುಟ್ಟು, ಕೈ ಝಾಡಿಸಿಕೊಂಡು, ಮತ್ತೆ ಇಟ್ಟ.

"ಗುಜರಿಗೆ ಆಕಿದೆ ಅಂದ್ಯಲ್ಲೇ, ಸುಳ್ಳಿ."

ಹೊಗೆ ಇನ್ನೂ ತಾರಸಿಯಿಂದ ಪೂರ್ತಿ ಹೋಗಿರಲಿಲ್ಲ. ಅದನ್ನೇ ನೋಡುತ್ತಾ ಅಣ್ಣ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮತ್ತಿಗೆ ಈ ಒಗೆಗೆ ಬೈಯ್ಯೋಳು. ದೋಣಿ ಮುಂದ್ಗಡೆ ಕುಂತ್ಕಂಡು, ಸೆರಗಲ್ಲಿ ಮೂಗು ಮುಚ್ಕಂಡು, ದಡ ಸೇರೋಗಂಟ ಬೈಯ್ಯೋಳು. ನಂಗೆ ಒಂದೂ ಕೇಳ್ತಿರ್ನಿಲ್ಲ. ಬಾಯಿ ಆಡೋದು ನೋಡ್ಕಂಡು ಹೂಂ ಹೂಂ ಅನ್ತಿದ್ದೆ."

ಅತ್ತಿಗೆ ಹೋದ ಮೇಲೆ ಅವನು ಅವರ ಮಾತೆತ್ತಿದ್ದು ಅದೇ ಮೊದಲು. ನಮ್ಮನೆಯವರು ಒದ್ದೆ ಟವೆಲ್ಲನ್ನು ಹಿಂಡಿ ಹಿಂಡಿ ಒಣಗಿಸುವ ನೆಪ ಮಾಡುತ್ತಿದ್ದರು.

"ಸರಿ, ಕಾವು ಆರ್ಲಿ. ಕೆಳಕ್ಕೆ ಇಳ್ಸನ," ಅಂತ ಎದ್ದ. ಎದ್ದವನಿಗೆ ಮಂಡಿ ನೆನಪಾಯಿತು. ಮೊದಲು ಅಣ್ಣನನ್ನು ಇಳಿಸಿದೆವು. ಅವನು ಮೋಟಾರಿಗಿಂತ ಭಾರವಿದ್ದ.

ಮೀನಾಕ್ಷಿಯವರಿಗೆ ನಾನು ಹೊಸದಾಗಿ ಅವರೆಕಾಯಿ ತಂದು, ಸುಲಿದು, ನೆನೆಸಿ, ಹಿತಕಿ ಕೊಟ್ಟೆ. ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿದೆ.

ಈಗ ಮೋಟಾರು ನಮ್ಮ ನಡುಮನೆಯ ಮಧ್ಯೆ ನ್ಯೂಸ್‌ಪೇಪರಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದೆ. ನಾನು ಜೋಡಿಸಿದ್ದನ್ನೆಲ್ಲ ಅಣ್ಣ ಬಿಚ್ಚಿ, ಒಂದೊಂದಕ್ಕೂ ಒಂದೊಂದು ಬೈಗುಳ ಹೇಳಿ, ಮತ್ತೆ ಜೋಡಿಸುತ್ತಿದ್ದಾನೆ. ಬಂದ ನೆಂಟರೆಲ್ಲ ಅದನ್ನು ದಾಟಿಕೊಂಡು ಸೋಫಾ ಸೇರಬೇಕು. ರಬ್ಬರ್ ಚಕ್ರ ಎಲ್ಲಿ ಸಿಗುತ್ತೆ ಅಂತ ದಿನವಿಡೀ ಫೋನಿನಲ್ಲಿ ಹಳೇ ಸ್ನೇಹಿತರ ಹತ್ತಿರ ಕೂಗಾಡುತ್ತಾನೆ. ಅಕ್ಕಪಕ್ಕದವರಿಗೆಲ್ಲ ನಮ್ಮ ಮೋಟಾರಿನ ಆರೋಗ್ಯದ ವಿಷಯ ಬಾಯಿಪಾಠವಾಗಿದೆ. ಯಾವಾಗ ಮುಗಿಯುತ್ತೆ ಅಂತ ಕೇಳಿದೆ. "ಅವಸರ ಏನೈತೆ? ನಿಧಾನಕ್ಕೆ ಆಗ್ಲಿ" ಅಂದ.

ನನಗೆ ಯಾವ ಭಾಗವನ್ನೂ ಮುಟ್ಟುವ ಅಧಿಕಾರವಿಲ್ಲ. ಬಹಳ ಬೇಡಿಕೊಂಡ ಮೇಲೆ ಒಂದೇ ಒಂದು ಹುದ್ದೆ ಸಿಕ್ಕಿದೆ. ಅಣ್ಣ ಬಗ್ಗಿ ಕೆಲಸ ಮಾಡುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿಯುವುದು. ಅದರಲ್ಲೂ ನನ್ನ ಕೈ ಸರಿಯಿಲ್ಲವಂತೆ.

"ಪದ್ದಿ, ಬೆಳಕು ಮೋಟ್ರಿಗೆ ಬಿಡವ್ವ, ನನ್ ಮುಖಕ್ಕಲ್ಲ! ಟಾರ್ಚ್ ಇಡಿಯಕ್ಕೂ ಬರಲ್ವಲ್ಲೇ ನಿಂಗೆ!"

ಬರಲ್ಲ ಅಣ್ಣ, ಅಂತ ಒಪ್ಪಿಕೊಂಡು ಮೋಟಾರಿಗೆ ಬಿಡುತ್ತೇನೆ. ಅವನು ಮತ್ತೆ ಬಗ್ಗಿ, ಮಾತು ಶುರು ಮಾಡಿದ ಕೂಡಲೇ, ಟಾರ್ಚು ತಾನಾಗಿ ಅವನ ಮುಖದ ಕಡೆ ಹೊರಳುತ್ತೆ.